ಗೆಣಸಕ್ಕೋರ ಇಂಗ್ಲಿಷು

ನನಗೆ ಕುರ್ಚಿಯ ಮೇಲೆ ಸುಮ್ಮನೆ ಕೂರಲು ಬರುವುದಿಲ್ಲ. ನಾನು ಕೂತರೂ ನನ್ನ ಕಾಲು ಕೂರುವುದಿಲ್ಲ. ಮೊನ್ನೆ ತಂಗಿಯ ಮನೆಯ ಮದುವೆಯಲ್ಲಿ ಹಿರಿಯರನ್ನೆಲ್ಲ ಸಾಲಾಗಿ ಕೂರಿಸಿ ಫೋಟೋ ತೆಗೆಯುತ್ತಿದ್ದರು. ಫೋಟೋದವನು ಮತ್ತೆ ಮತ್ತೆ ಕರೀ ಬಟ್ಟೆಯಿಂದ ತಲೆ ಹೊರಗೆ ಹಾಕಿ, "ಅಜ್ಜಾರ, ಒಂದ್ ಚೂರು ಅಳ್ಳಾಡದಂಗ ಕೂಡ್ರಿ" ಎಂದು ಬೇಡಿಕೊಂಡ. ನಾನು ಎರಡೂ ಕೈಯಿಂದ ಮೊಣಕಾಲು ಹಿಡಿದುಕೊಂಡೆ. ಆಗ ಹಿಮ್ಮಡಿ ಕುಣಿಯತೊಡಗಿತು. ಹಿಂದೆ ನಿಂತಿದ್ದ ನನ್ನ ಹೆಂಡತಿ, "ಅವರನ್ನ ಬಿಟ್ಟು ತಗೀಪಾ. ಆ ಬಿಳೇ ಅಕ್ಕೋರು ಅವರ ಕಾಲು ಕೆಡಿಸಿ ಹೋಗ್ಯಾರ" ಎಂದಳು.

ಸುತ್ತಲಿದ್ದ ಹುಡುಗಿಯರು ಕಿವಿ ನಿಮಿರಿಸಿದರು. ಮುದುಕನ ಬದುಕಿನಲ್ಲಿ ಒಬ್ಬ ಬಿಳೇ ಹೆಂಗಸು ಎಂದರೆ ಯಾರಿಗೆ ಕುತೂಹಲವಿಲ್ಲ? ಆದರೆ ಅಷ್ಟರಲ್ಲಿ ಊಟಕ್ಕೆ ಎಲೆ ಹಾಕಿದರು. ಅಲ್ಲಿ ಹೇಳಲಾಗದ್ದನ್ನು ನಿಮಗೆ ಹೇಳುತ್ತೇನೆ.

ಆಗ ನಾನು ಧಾರವಾಡದಲ್ಲಿ ಇಂಟರ್ ಪರೀಕ್ಷೆಗೆ ಕೂತು ಫೇಲಾಗಿ, ಮತ್ತೆ ಕೂತು ಮತ್ತೆ ಫೇಲಾಗಿ, ಬನವಾಸಿಗೆ ಮರಳಿದ್ದೆ. ಅಪ್ಪನದು ಅಲ್ಲಿ ಬೆಲ್ಲದ ಅಂಗಡಿ. ಗಲ್ಲೆಯ ಹಿಂದೆ ಕೂತರೆ ನೊಣ ಹೊಡೆಯಬೇಕು, ಎದ್ದರೆ ಅಪ್ಪನ ಮುಖ ನೋಡಬೇಕು. ನಾಡಿನಲ್ಲಿ ಯಾರೂ ಕೂತಿರದ ಕಾಲ ಅದು. ಸಿದ್ದಾಪುರದ ಕಡೆ ರೈತರು ಸರಕಾರಕ್ಕೆ ಭೂಕಂದಾಯ ಕೊಡುವುದಿಲ್ಲವೆಂದು ನಿಂತಿದ್ದರು. ಮನೆಮನೆ ಜಪ್ತಿಯಾಗುತ್ತಿತ್ತು. ಶಿರಸಿಯ ಇಂಗ್ಲಿಷ್ ಶಾಲೆಯಲ್ಲಿ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತಿದ್ದ ತ್ಯಾಗಲಿಯ ಗಣಪತಿ ಆಗಲೇ ಖಾದಿ ಉಟ್ಟು ಊರೂರು ತಿರುಗುತ್ತಿದ್ದ. ನಾನೂ ಹೊರಡುತ್ತೇನೆಂದಾಗ ಅಪ್ಪ ಬೆಲ್ಲದ ಪೆಂಟೆಯ ಮೇಲಿನ ಗೋಣಿ ಸರಿಸುತ್ತ, ತಲೆ ಎತ್ತದೆ, "ನಿಮ್ಮವ್ವನ ಮುಂದ ಹೋಗಿ ಈ ಮಾತು ಹೇಳಿ ಬಾ. ಆಮೇಲೆ ಎಲ್ಲಿಗರ ಹೋಗು" ಎಂದರು. ಅವ್ವ ಆಗ ಹಾಸಿಗೆ ಹಿಡಿದಿದ್ದಳು. ನಾನು ಹೇಳಲಿಲ್ಲ. ಹೇಳದೆ ಕೂರಲೂ ಆಗದೆ, ಶಿರಸಿಯ ಸೋದರಮಾವನ ಮನೆ ಸೇರಿ, ಬೆಳಗಿನಿಂದ ಸಂಜೆಯವರೆಗೆ ಪೇಟೆ ಬೀದಿ ಅಳೆಯುವುದನ್ನೇ ಉದ್ಯೋಗ ಮಾಡಿಕೊಂಡೆ.

ಹೀಗೆ ಅಳೆಯುತ್ತಿದ್ದಾಗ ಒಂದು ದಿನ ವಕೀಲ ರಾಮರಾಯರು ತಮ್ಮ ಜಗುಲಿಯಿಂದ ಕರೆದರು. ಯಲ್ಲಾಪುರದ ಮರದ ಡಿಪೋದಲ್ಲಿ ಒಬ್ಬ ಬಿಳೇ ಮ್ಯಾನೇಜರು ಇದ್ದರು. ಅವರ ಅಕ್ಕ ತಮ್ಮನ ಮನೆ ನೋಡಿಕೊಳ್ಳಲೆಂದು ಸಮುದ್ರ ದಾಟಿ ಬಂದವರು. ಮನೆಯಲ್ಲಿ ನೋಡಿಕೊಳ್ಳುವಂಥದ್ದು ಏನೂ ಇರಲಿಲ್ಲವಂತೆ. ಅಡಿಗೆಯವನು ಅವರನ್ನು ಒಲೆಯ ಹತ್ತಿರ ಬಿಡುತ್ತಿರಲಿಲ್ಲವಂತೆ. ತಮ್ಮ ಊರಿನಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳಿ ಅಭ್ಯಾಸವಿದ್ದ ಹೆಂಗಸು. ರಾಮರಾಯರೂ ಪೇಟೆಯ ನಾಲ್ಕಾರು ದೊಡ್ಡ ಮನೆಯವರೂ ಸೇರಿ, ತಮ್ಮ ಮಕ್ಕಳು ಮೊಮ್ಮಕ್ಕಳಿಗೆ ಹಾಲುಹಲ್ಲು ಬೀಳುವ ಮೊದಲೇ ಇಂಗ್ಲಿಷ್ ಬಂದುಬಿಡಲಿ ಎಂದು ಅವರನ್ನು ಶಿರಸಿಗೆ ಕರೆಸಿಕೊಂಡಿದ್ದರು. ರಾಯರ ಹಿತ್ತಿಲ ಉಗ್ರಾಣ ಖಾಲಿ ಮಾಡಿಸಿ ಚಾಪೆ ಹಾಸಿದ್ದಾಗಿತ್ತು. ಬೇಕಾಗಿದ್ದವನು ಎರಡೂ ಭಾಷೆ ಬಲ್ಲ ಒಬ್ಬ ದುಭಾಷಿ.

ನಾನು ಕೋಟು ತೊಟ್ಟು, ರುಮಾಲು ಸುತ್ತಿ ಹೋದೆ. ಅವರು ಆಡುವ ಗಂಭೀರ ಮಾತನ್ನು ನಾನು ಇನ್ನೂ ಗಂಭೀರ ಕನ್ನಡದಲ್ಲಿ ಹೇಳುವುದು ಎಂದು ಕಲ್ಪಿಸಿಕೊಂಡಿದ್ದೆ. ಮಿಸ್ ಗ್ವೆನ್ ಎಂದು ಅವರ ಹೆಸರು. ಐವತ್ತು ದಾಟಿದ, ಕಡ್ಡಿಯಂಥ, ಕೆಂಪು ಕೈಗಳ ಹೆಂಗಸು. ನನ್ನನ್ನು ಮೇಲಿಂದ ಕೆಳಗೆ ನೋಡಿ ಅವರು ಆಡಿದ ಮೊದಲ ಮಾತಿನ ಅರ್ಥ ಇಷ್ಟು: "ರುಮಾಲು ತೆಗೆದಿಡಿ, ಬೀಳುತ್ತದೆ. ಈಗ ನೀವು ಕಪ್ಪೆ."

ಮೂರರಿಂದ ಐದು ವರ್ಷದ ಹತ್ತಾರು ಮಕ್ಕಳ ಎದುರಿಗೆ, ಇಂಟರ್‌ನಲ್ಲಿ ತರ್ಕಶಾಸ್ತ್ರ ಓದಿದ ನಾನು ಕುಕ್ಕರುಗಾಲಲ್ಲಿ ಕೂತು ಜಿಗಿದೆ. ಮಿಸ್ಸು ಜಂಪ್ ಎಂದರು. ಮಕ್ಕಳು ಜಂಪ್ ಎಂದವು. ನಾನು ಮತ್ತೆ ಜಿಗಿದೆ. ಅವರ ವಿದ್ಯೆಯೆಲ್ಲ ಇಷ್ಟೇ. ಅವರ ಇಂಗ್ಲಿಷಿನಲ್ಲಿ ಪುಸ್ತಕವಿರಲಿಲ್ಲ. ಕಾಲು, ಕೈ, ಕುತ್ತಿಗೆ ಇದ್ದವು. ಏಳು ಎಂದರೆ ಏಳಬೇಕು, ಓಡು ಎಂದರೆ ಓಡಬೇಕು. ಓಡುವವನು ನಾನು. ಬೆಳಗಿನಲ್ಲಿ ದನವಾಗಿ, ಹೊತ್ತು ಏರುತ್ತಿದ್ದಂತೆ ಬೆಕ್ಕಾಗಿ, ಮಳೆಯಾಗಿ, ರೈಲಾಗಿ ಮನೆಗೆ ಹೋಗುತ್ತಿದ್ದೆ. ರೈಲನ್ನು ಆ ಮಕ್ಕಳಾರೂ ಕಂಡಿರಲಿಲ್ಲ. ಬಹಳ ದಿನ ಅವು ರೈಲು ಎಂದರೆ ಕೋಟು ತೊಟ್ಟು ಏದುಸಿರು ಬಿಡುವ ಮನುಷ್ಯ ಎಂದೇ ತಿಳಿದಿದ್ದವು.

ಮಿಸ್ಸಿಗೂ ಕಷ್ಟವಿತ್ತು. ಅವರ ಚಿತ್ರದ ಹಲಗೆಯಲ್ಲಿ ಮೊದಲ ಅಕ್ಷರಕ್ಕೆ ಸೇಬು. ಸೇಬು ತಿಂದ ಮಗು ಅಲ್ಲೊಂದೂ ಇರಲಿಲ್ಲ. ಕೆಂಪಗೆ ದುಂಡಗೆ ಇರುವುದು ಮುರುಗಲು ಹಣ್ಣು ಎಂದು ಮಕ್ಕಳು ಒಮ್ಮತದಿಂದ ತೀರ್ಮಾನಿಸಿದವು. ಮಿಸ್ಸು ಎಷ್ಟು ತಿದ್ದಿದರೂ ಆ ಹಣ್ಣಿಗೆ ಆಪಲ್ ಎಂಬ ಹೆಸರು ಶಿರಸಿಯ ಕೆಲವು ಮನೆಗಳಲ್ಲಿ ನಿಂತೇಹೋಯಿತು. ಪ್ರತಿಯಾಗಿ ಅವರ ಹೆಸರೂ ಉಳಿಯಲಿಲ್ಲ. ಗ್ವೆನ್ ಎನ್ನಲು ಬಾರದ ಮಕ್ಕಳು ಅವರನ್ನು ಗೆಣಸಕ್ಕೋರು ಮಾಡಿದವು. ದೊಡ್ಡವರಿಗೆ ಬಿಳೇ ಅಕ್ಕೋರು, ಮಕ್ಕಳಿಗೆ ಗೆಣಸಕ್ಕೋರು. ಬಸವರಾಜನೆಂಬ ನಾನು ಮಿಸ್ಸಿನ ಬಾಯಲ್ಲಿ ಮಿಸ್ಟರ್ ಬಾಸು ಆದೆ. ಅಂಚೆ ಆಫೀಸಿನವರು ಕೆಲಕಾಲ ನನ್ನನ್ನು ಬಂಗಾಲಿ ಎಂದುಕೊಂಡಿದ್ದರು.

ಅವರಿಗೂ ಕೂರಲು ಬರುತ್ತಿರಲಿಲ್ಲ. ನನ್ನದು ಹೋಗಲಾಗದ ಚಡಪಡಿಕೆ. ಅವರದು ಎಲ್ಲಿ ಹೋದರೂ ತೀರದ್ದು. ಮಕ್ಕಳು ಹೋದ ಮೇಲೂ ಉಗ್ರಾಣದ ಈ ಗೋಡೆಯಿಂದ ಆ ಗೋಡೆಗೆ ನಡೆಯುತ್ತಿದ್ದರು. ಒಮ್ಮೆ ಸರ್ವಿಸ್ ಮೋಟಾರಿನ ಮಾಲೀಕ ಇಮಾಮಸಾಬರನ್ನು ಒಪ್ಪಿಸಿ, ಮಕ್ಕಳನ್ನೆಲ್ಲ ತುಂಬಿಕೊಂಡು ಗುಡ್ನಾಪುರದ ಕೆರೆಗೆ ಹೊರಡಿಸಿದರು. ನೀರು ಎಂಬ ಶಬ್ದವನ್ನು ಬಿಂದಿಗೆಯ ಎದುರಿಗೆ ನಿಂತು ಕಲಿಸಬಾರದಂತೆ. ಕೆರೆಯ ದಂಡೆಯಲ್ಲಿ ಬಿದ್ದಿದ್ದ ಹಳೆಯ ಕಲ್ಲು ಕಂಡು, ಇದು ಯಾರದು ಎಂದು ಕೇಳಿದರು. ನನ್ನ ಇಂಗ್ಲಿಷಿಗೆ ಕಡೆಗೂ ಯೋಗ್ಯ ವಿಷಯ ಸಿಕ್ಕಿತೆಂದು ನಾನು ಕದಂಬರ ಚರಿತ್ರೆ ಆರಂಭಿಸಿದೆ. ಅವರು ಬಹಳ ಶ್ರದ್ಧೆಯಿಂದ ಕೇಳಿ, "ಮಿಸ್ಟರ್ ಬಾಸು, ಮಕ್ಕಳು ನೀರಿನಲ್ಲಿದ್ದಾರೆ" ಎಂದರು. ಇಮಾಮಸಾಬರು ಆಗಲೇ ಪಾಯಿಜಾಮ ಮಡಿಸಿ ಇಳಿದು, ಎರಡೂ ಕಂಕುಳಲ್ಲಿ ಒಂದೊಂದು ಮಗು ಹಿಡಿದು ನಿಂತಿದ್ದರು. ಒಂದು ಅವರ ಮಗಳು ಜೈನಾಬಿ. ಅದು ವಾಟರ್ ವಾಟರ್ ಎಂದು ಕೂಗುತ್ತಿತ್ತು. ಪಾಠ ಕೈಗೂಡಿತ್ತು.

ಗಣಪತಿ ಒಂದು ಸಂಜೆ ಪೇಟೆಯಲ್ಲಿ ಸಿಕ್ಕ. ಬಿಸಿಲಿಗೆ ಕಪ್ಪಾಗಿದ್ದ. "ಎಂತ ಮಾರಾಯ, ದೇಶಕ್ಕೆ ಬೆಂಕಿ ಬಿದ್ದಿದ್ದು. ನೀ ಇಲ್ಲಿ ಬಿಳಿಯರ ಕಪ್ಪೆ ಆಗಿ ಕುಪ್ಪಳಿಸ್ತಿದ್ಯಡ" ಎಂದ. ನಗುತ್ತಲೇ ಹೇಳಿದ. ಆದರೆ ಅವನು ನನ್ನ ಹೆಗಲ ಮೇಲೆ ಕೈ ಹಾಕಲಿಲ್ಲ. ಹಿಂದೆಲ್ಲ ಹಾಕದೆ ಮಾತೇ ಆಡುತ್ತಿರಲಿಲ್ಲ. ನಾನು ಅವ್ವನ ಕಾಯಿಲೆ ಹೇಳಿದೆ. "ಹೌದು ಬಿಡು" ಎಂದು ಹೊರಟ. ಮರುದಿನ ಮಿಸ್ಸು ಕಪ್ಪೆ ಎಂದಾಗ ನಾನು ಬೆಕ್ಕಾದೆ.

ಆಮೇಲೆ ಕೆಲವೇ ದಿನಗಳಲ್ಲಿ ಅವನನ್ನು ಹಿಡಿದುಕೊಂಡು ಹೋದರು. ತ್ಯಾಗಲಿಯ ಅವನ ಮನೆಗೆ ಜಪ್ತಿ ಬಂತು. ಕೊಟ್ಟಿಗೆಯ ದನ, ಹಂಡೆ ಕೊಳಗ, ಕಡೆಗೆ ಮಗು ಮಲಗುತ್ತಿದ್ದ ತೊಟ್ಟಿಲನ್ನೂ ಅಂಗಳಕ್ಕೆ ಇಳಿಸಿದರಂತೆ. ಅವನ ಹೆಂಡತಿ ಭಾಗೀರಥಿ ಮಗಳನ್ನು ಎತ್ತಿಕೊಂಡು ಶಿರಸಿಯ ತನ್ನ ಅಕ್ಕನ ಮನೆಗೆ ಬಂದರು. ಆ ಮನೆ ರಾಯರ ಉಗ್ರಾಣದ ಹಿಂದೆ, ಬೇಲಿಯ ಆಚೆ. ಮಗಳು ಗೌರಿಗೆ ನಾಲ್ಕು ವರ್ಷ. ಜಪ್ತಿಯ ದಿನದಿಂದ ಅದು ಬಾಯಿ ಬಿಟ್ಟಿರಲಿಲ್ಲ. ಹಸಿವಾದರೂ ಕೇಳುತ್ತಿರಲಿಲ್ಲ, ಬಿದ್ದರೂ ಅಳುತ್ತಿರಲಿಲ್ಲ. ವೈದ್ಯರು ಕಷಾಯ ಕೊಟ್ಟರು. ಸೋಂದೆಯ ಮಠದಿಂದ ತಂದ ಮಂತ್ರಾಕ್ಷತೆಯನ್ನು ತಲೆಯ ಮೇಲೆ ಹಾಕಿದರು. ಗೌರಿ ಸುಮ್ಮನೆ ನೋಡುತ್ತಿತ್ತು.

ನಾವು ಜಿಗಿಯುವ ಸದ್ದಿಗೆ ಅದು ಬೇಲಿ ನುಸುಳಿ ಬಂದು ಕಿಟಕಿಯ ಹೊರಗೆ ನಿಲ್ಲತೊಡಗಿತು. ಮಿಸ್ಸು ಅದನ್ನು ಕರೆಯಲಿಲ್ಲ. ಕಿಟಕಿಯ ಕಡೆ ತಿರುಗಿ ಪಾಠ ಹೇಳಲು ಶುರುಮಾಡಿದರು, ಅಷ್ಟೇ. ಒಂದು ದಿನ ಬಾಗಿಲು ತೆರೆದೇ ಬಿಟ್ಟರು. ಗೌರಿ ಒಳಗೆ ಬಂದು ಜೈನಾಬಿಯ ಪಕ್ಕದಲ್ಲಿ ಕೂತಿತು. ಭಾಗೀರಥಿ ಓಡಿ ಬಂದವರು ಹೊಸ್ತಿಲ ಹೊರಗೇ ನಿಂತು, "ಇರ್ಲಿ ಬಿಡಿ ಮಾಸ್ತರೇ. ಇಲ್ಲಿ ಕೂತಾದ್ರೂ ಇರ್ತಲ. ಮನೇಲಿ ಮೂಲೆ ಹಿಡಿತು" ಎಂದರು.

ಮಿಸ್ಸು ಗೌರಿಗೆ ಇಂಗ್ಲಿಷ್ ಹೇಳಿಕೊಡಲಿಲ್ಲ. ಇದು ನನಗೆ ವಿಚಿತ್ರವಾಗಿ ಕಂಡಿತು. ಬೇರೆ ಮಕ್ಕಳು ಆಡುವಾಗ ಅದರ ಹತ್ತಿರ ಕುಕ್ಕರಿಸಿ, ಸಣ್ಣ ದನಿಯಲ್ಲಿ ಏನೋ ಹೇಳುತ್ತಿದ್ದರು. ನನಗೆ ಒಂದಕ್ಷರ ಅರ್ಥವಾಗುತ್ತಿರಲಿಲ್ಲ. ಇಂಟರ್ ಫೇಲಾದದ್ದು ಸುಮ್ಮನೆ ಅಲ್ಲ, ನನಗೆ ಇಂಗ್ಲಿಷೇ ಬರುವುದಿಲ್ಲ ಎಂದು ಆಗ ಖಾತ್ರಿಯಾಯಿತು. ಯಾವ ಮಗು ಅತ್ತರೂ ಅವರ ಬಾಯಿಂದ ಒಂದೇ ಮಾತು: "ಪೈಡ್ ಆ ಖ್ರಿಯೋ." ನಾನು ನಿಘಂಟಿನಲ್ಲಿ ಹುಡುಕಿದೆ. ಸಿಗಲಿಲ್ಲ.

ಅಷ್ಟರಲ್ಲಿ ಪ್ರಾಂತ ಸಾಹೇಬರ ಸವಾರಿ ಶಿರಸಿಗೆ ಬರುವ ಸುದ್ದಿ ಬಂತು. ಕಾರವಾರ ಜಿಲ್ಲೆಯ ಅರ್ಧ ಅವರ ಕೈಯಲ್ಲಿದ್ದ ಕಾಲ. ಮಕ್ಕಳ ಇಂಗ್ಲಿಷನ್ನು ಅವರಿಗೆ ಕೇಳಿಸಬೇಕೆಂದು ರಾಯರ ಆಸೆ. ನನ್ನನ್ನು ಒಳಕ್ಕೆ ಕರೆದು, "ಆ ಹುಡುಗಿ ಇರೋದು ಬೇಡ ಬಸವರಾಜ. ಅಪ್ಪ ಜೈಲಲ್ಲಿ. ಸಾಹೇಬರಿಗೆ ಯಾರಾದರೂ ಹೇಳಿದರೆ ನನ್ನ ಗತಿ ಏನು? ನೀನೇ ಅಕ್ಕೋರಿಗೆ ತಿಳಿಸು" ಎಂದರು. ಕೆಟ್ಟ ಮನುಷ್ಯರಲ್ಲ. ಹೇಳುವಾಗ ಅವರ ಕೈ ಸುಮ್ಮನೆ ಶಾಲಿನ ಅಂಚು ಸುರುಳಿ ಸುತ್ತುತ್ತಿತ್ತು.

ಸಂಜೆ ಮಿಸ್ಸಿಗೆ ತಿಳಿಸಿದೆ. ಅವರು ಗೋಡೆಯಿಂದ ಗೋಡೆಗೆ ನಡೆಯುತ್ತಲೇ ಕೇಳಿದರು. ನಡೆಯುತ್ತಲೇ ಹೇಳಿದರು. ಅವರ ಊರು ಇಂಗ್ಲೆಂಡ್ ಅಲ್ಲ, ಪಕ್ಕದ ವೇಲ್ಸ್ ಎಂಬ ಗುಡ್ಡದ ನಾಡು. ಅಲ್ಲಿಯ ಮಾತು ಬೇರೆ. ಐದು ವರ್ಷಕ್ಕೆ ಶಾಲೆಗೆ ಹೋದಾಗ ಅವರಿಗೆ ಗೊತ್ತಿದ್ದದ್ದು ಅದೊಂದೇ. ಆ ಮಾತು ಬಾಯಿಂದ ಬಂದರೆ ಮಾಸ್ತರರು ಕೊರಳಿಗೆ ಮರದ ಹಲಗೆ ಕಟ್ಟುತ್ತಿದ್ದರು. ಸಂಜೆ ಶಾಲೆ ಬಿಡುವಾಗ ಯಾರ ಕೊರಳಲ್ಲಿ ಹಲಗೆ ಇರುತ್ತದೋ ಅವರಿಗೆ ಬೆತ್ತದೇಟು. "ಆ ಚಳಿಗಾಲ ಪೂರ್ತಿ ನಾನು ಮಾತಾಡಲಿಲ್ಲ, ಮಿಸ್ಟರ್ ಬಾಸು. ಮನೆಯಲ್ಲೂ ಆಡಲಿಲ್ಲ. ನನ್ನಮ್ಮ ಬೇಡಿಕೊಂಡಳು."

ಗೌರಿಗೆ ಹೇಳುತ್ತಿದ್ದದ್ದು ಆ ಭಾಷೆಯೇ ಎಂದು ನನಗೆ ಆಗ ಹೊಳೆಯಿತು. ಬಿಳೇ ಚರ್ಮದವರೆಲ್ಲ ಹುಟ್ಟುವಾಗಲೇ ಇಂಗ್ಲಿಷಿನಲ್ಲಿ ಅಳುತ್ತಾರೆಂದು ತಿಳಿದಿದ್ದ ನನಗೆ ನೆಲ ಸ್ವಲ್ಪ ಅಲುಗಿತು. "ಹಾಗಾದರೆ ಅದೇ ಇಂಗ್ಲಿಷನ್ನು ನೀವು ಏಕೆ ಕಲಿಸುತ್ತೀರಿ?" ಎಂದು ಕೇಳಿದೆ. ಕೇಳಬಾರದಿತ್ತೇನೋ. ಅವರು ಒಮ್ಮೆ ನಿಂತರು.

"ಇನ್ನೊಂದನ್ನು ಯಾರೂ ಕೇಳುವುದಿಲ್ಲ. ಹಲಗೆ ಕಟ್ಟದೆಯೂ ಇದನ್ನು ಕಲಿಸಬಹುದೋ ಎಂದು ನೋಡುತ್ತಿದ್ದೇನೆ" ಎಂದರು. ಮತ್ತೆ ನಡೆಯತೊಡಗಿದರು. "ಮಗು ಇಲ್ಲೇ ಇರುತ್ತದೆ. ಹಾಗೆಂದು ಅವರಿಗೆ ಹೇಳಿ."

ನಾನು ಹೇಳಿದೆ. ರಾಯರು ಆ ದಿನ ರಾತ್ರಿ ಊಟ ಬಿಟ್ಟರೆಂದು ಅವರ ಮನೆಯವರು ಅಂದರು.

ಸಾಹೇಬರು ಬಂದರು. ಕೆಂಪು ಮುಖದ ಎಳೇ ಮನುಷ್ಯ. ಜೊತೆಗೆ ಕರುವಿನಷ್ಟು ದೊಡ್ಡ ನಾಯಿ. ಮಕ್ಕಳು ಜಿಗಿದವು, ಓಡಿದವು, ಮೂಗು ತೋರಿಸಿದವು. ನಾನೂ ನನ್ನ ದನ, ರೈಲು ಎಲ್ಲ ಸಲ್ಲಿಸಿದೆ. ಸಾಹೇಬರು ಮನಸಾರೆ ನಕ್ಕರು. ರಾಯರ ಮುಖ ಅರಳುತ್ತಿರುವಾಗಲೇ ಆ ನಾಯಿ ಮುಂದೆ ಬಂದು ಜೈನಾಬಿಯ ಕೆನ್ನೆ ಮೂಸಿತು. ಜೈನಾಬಿ ಚೀರಿ ಅತ್ತಿತು. ಇಮಾಮಸಾಬರು ಬಾಗಿಲಿನಿಂದ ಮುಂದೆ ಬರುವಷ್ಟರಲ್ಲಿ ಗೌರಿ ಎದ್ದು, ನಾಯಿಗೂ ಜೈನಾಬಿಗೂ ನಡುವೆ ನಿಂತು, ಗೆಳತಿಯ ಗಲ್ಲ ಹಿಡಿದು, ಸಣ್ಣ ಒಡಕು ದನಿಯಲ್ಲಿ, "ಪೈಡ್ ಆ ಖ್ರಿಯೋ" ಎಂದಿತು.

ತಿಂಗಳುಗಟ್ಟಲೆ ಮುಚ್ಚಿದ್ದ ಬಾಯಿ. ಕಿಟಕಿಯ ಹೊರಗೆ ನಿಂತಿದ್ದ ಭಾಗೀರಥಿ ಸರಳು ಹಿಡಿದುಕೊಂಡರು. ವಿಷಯ ತಿಳಿಯದ ರಾಯರು, ಅಪಾಯ ಕಳೆದು ಭಾಗ್ಯವೇ ಬಂತೆಂಬಂತೆ ಸಾಹೇಬರ ಕಡೆ ತಿರುಗಿ, ನೋಡಿದಿರಾ, ಇಷ್ಟು ಚಿಕ್ಕ ಮಗುವಿನ ಇಂಗ್ಲಿಷ್ ಎಂದರು. ಸಾಹೇಬರು ಹುಬ್ಬೇರಿಸಿ, ಇದು ಇಂಗ್ಲಿಷ್ ಅಲ್ಲವಲ್ಲ ಎಂದರು. ಮಿಸ್ಸು, "ಅಲ್ಲ, ವೆಲ್ಷ್" ಎಂದರು. ಸಾಹೇಬರು ಮತ್ತೊಮ್ಮೆ ನಕ್ಕು, ಮುಂಬಯಿ ಇಲಾಖೆಯಲ್ಲಿ ಇದೊಂದು ಭಾಷೆ ಕಡಿಮೆಯಾಗಿತ್ತು ಎಂದು ನಾಯಿಯನ್ನು ಕರೆದುಕೊಂಡು ಹೋದರು. ಯಾರ ಮಗು, ಅಪ್ಪ ಎಲ್ಲಿ ಎಂದು ಅವರು ಕೇಳಲೇ ಇಲ್ಲ.

ಆದರೆ ಪೇಟೆ ಸುಮ್ಮನಿರುತ್ತದೆಯೇ. ಇಂಗ್ಲಿಷ್ ಎಂದು ಹೇಳಿ ಆ ಹೆಂಗಸು ಬೇರೆ ಯಾವುದೋ ಮಾತನ್ನು ಮಕ್ಕಳ ಬಾಯಿಗೆ ತುರುಕಿದ್ದಾಳೆ ಎಂದು ಸುದ್ದಿ ಹಬ್ಬಿತು. ಯಾವುದು ಅಸಲು, ಯಾವುದು ಬೆರಕೆ ಎಂದು ಯಾರು ಆರಿಸಬೇಕು? ಜಂಪ್ ಎಂಬುದೂ ಇಂಗ್ಲಿಷ್ ಹೌದೋ ಅಲ್ಲವೋ ಎಂದು ಒಬ್ಬರು ನನ್ನನ್ನು ರಸ್ತೆಯಲ್ಲಿ ತಡೆದು ಕೇಳಿದರು. ಮಕ್ಕಳು ಒಂದೊಂದಾಗಿ ಬರುವುದನ್ನು ನಿಲ್ಲಿಸಿದವು. ಇಮಾಮಸಾಬರು ಮಾತ್ರ, "ನಮ್ ಜೈನಾಬಿ ಬರ್ತಾಳೆ. ಯಾವ್ ಭಾಷೆ ಆದ್ರೆ ಏನ್ರಿ, ಇಲ್ಲಿಂದ ಬಂದ್ರೆ ಖುಶಿಯಿಂದ ಉಣ್ತಾಳೆ" ಎಂದು ಮಗಳನ್ನು ತಂದು ಬಿಡುತ್ತಲೇ ಇದ್ದರು. ಆದರೆ ಉಗ್ರಾಣ ರಾಯರದು. ಹೊಸ ಭತ್ತ ತುಂಬಬೇಕು ಎಂದರು. ಭತ್ತದ ಕಾಲ ಅದಾಗಿರಲಿಲ್ಲ. ಮಿಸ್ಸು ಚಿತ್ರದ ಹಲಗೆಗಳನ್ನು ಒಂದರ ಮೇಲೊಂದು ಜೋಡಿಸಿದರು. ತಮ್ಮನಿಗೂ ಬೇರೆ ಕಡೆಗೆ ವರ್ಗವಾಗಿತ್ತು.

ಅವರು ಹೊರಡುವ ವಾರದಲ್ಲೇ ಗಣಪತಿ ಬಿಡುಗಡೆಯಾಗಿ ಬಂದ. ಅರ್ಧ ಮೈ ಇಳಿದಿತ್ತು. ಅವನು ನೆಟ್ಟಗೆ ನನ್ನ ಸೋದರಮಾವನ ಮನೆಗೆ ಬಂದು, ಅಂಗಳದಲ್ಲೇ ನಿಂತು, "ಎನ್ನ ಕೂಸಿಗೆ ಎಂತ ಕಲಿಸಿದ್ದೆ ನೀನು?" ಎಂದು ಕೇಳಿದ. "ಎರಡು ಹೊತ್ತೂ ಅದೇ ಒಂದು ಮಾತು. ಬೇರೆ ಎಂತದೂ ಆಡ್ತಿಲ್ಲೆ. ಆನು ಯಾರ ವಿರುದ್ಧ ಜೈಲಿಗೆ ಹೋದ್ನೋ, ಬಂದು ನೋಡಿರೆ ಅವರ ಮಾತೇ ಎನ್ನ ಮನೇಲಿ."

"ಅದು ಅವರ ಮಾತಲ್ಲ" ಎಂದೆ. ಹಲಗೆಯ ಕತೆಯನ್ನು ಹೇಳಿದೆ. ಅವನು ನಂಬಿದನೋ ಇಲ್ಲವೋ. "ಹಂಗಾರೆ ಅದರ ಅರ್ಥ ಎಂತು?" ಎಂದ. ನನಗೂ ಗೊತ್ತಿರಲಿಲ್ಲ. ಅಳುವ ಮಗುವನ್ನು ಸಮಾಧಾನ ಮಾಡುವ ಏನೋ ಶಬ್ದ ಎಂದುಕೊಂಡಿದ್ದೆ, ಕೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಮೋಟಾರು ನಿಲ್ಲುವಲ್ಲಿ ಗಣಪತಿ ಗೌರಿಯನ್ನು ಎತ್ತಿಕೊಂಡು ಬಂದಿದ್ದ. ಇಮಾಮಸಾಬರು ಯಲ್ಲಾಪುರದ ಮೋಟಾರಿನ ಮೇಲೆ ಮಿಸ್ಸಿನ ಟ್ರಂಕು ಏರಿಸುತ್ತಿದ್ದರು. ಖಾದಿಯ ಮನುಷ್ಯನೂ ಬಿಳೇ ಹೆಂಗಸೂ ಎದುರುಬದುರು ನಿಂತಿದ್ದನ್ನು ನೋಡಲು ಪೇಟೆಯ ನಾಲ್ಕು ಜನ ಸೇರಿದರು. ನಾನು ಕೊನೆಗೂ ನಿಜವಾದ ದುಭಾಷಿಯಾದೆ. ಗಣಪತಿ, "ಆ ಮಾತಿನ ಅರ್ಥ ಎಂತು ಹೇಳಿ ಕೇಳು" ಎಂದ. ಕೇಳಿದೆ. ಮಿಸ್ಸು ಹೇಳಿದರು. ನಾನು ಅವನಿಗೆ, "ಅಳಬೇಡ ಅಂತ" ಎಂದೆ.

ಗಣಪತಿ ಮೋಟಾರಿನ ಗಾಲಿಯನ್ನು ನೋಡುತ್ತ ನಿಂತ. "ಅದರ ಆಯಿ ದಿನಾ ಅಳ್ತು" ಎಂದು ಹೆಂಡತಿಯ ವಿಷಯ ಹೇಳಿದ, ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ. "ಇದು ಹತ್ರ ಹೋಗಿ ಗಲ್ಲ ಹಿಡಿದು ಅದನ್ನೇ ಹೇಳ್ತು. ಎಂತ ಹೇಳ್ತು ಹೇಳಿ ಗೊತ್ತಾಗದೆ ಆಯಿ ಮತ್ತೂ ಅಳ್ತು."

ಇದನ್ನು ಇಂಗ್ಲಿಷಿಗೆ ತಿರುಗಿಸು ಎಂದು ಅವನು ಹೇಳಲಿಲ್ಲ. ಆದರೂ ತಿರುಗಿಸಿದೆ. ನನ್ನ ಜೀವನದಲ್ಲಿ ನಾನು ಆಡಿದ ಒಳ್ಳೆಯ ಇಂಗ್ಲಿಷ್ ಅದೇ ಇರಬೇಕು. ಅದಕ್ಕೆ ಅಂಕ ಕೊಡುವವರು ಅಲ್ಲಿರಲಿಲ್ಲ. ಮಿಸ್ಸು ಕೇಳಿ, ತಮ್ಮ ಕೆಂಪು ಕೈಯಿಂದ ಮೂಗು ಒರೆಸಿಕೊಂಡು, "ಇವರ ಮನೆಯ ಮಾತಿನಲ್ಲಿ ಅದನ್ನು ಹೇಗೆ ಹೇಳುತ್ತಾರೆ?" ಎಂದು ನನ್ನನ್ನು ಕೇಳಿದರು. ಇಷ್ಟು ತಿಂಗಳಲ್ಲಿ ಅವರು ನನ್ನಿಂದ ಕೇಳಿದ ಮೊದಲ ಕನ್ನಡ. ನಮ್ಮ ಬನವಾಸಿಯ ಕಡೆಯ ಮಾತು ಬೇರೆ, ಗಣಪತಿಯ ಮನೆಯದು ಬೇರೆ. ಗಣಪತಿಯೇ ಹೇಳಿಕೊಟ್ಟ: "ಅಳಡ."

ಮಿಸ್ಸು ಗೌರಿಯ ಮುಖದ ಹತ್ತಿರ ಬಾಗಿ, ಬಹಳ ಕಷ್ಟಪಟ್ಟು, ಪರೀಕ್ಷೆಗೆ ನಿಂತ ಮಗುವಿನ ಹಾಗೆ, "ಅಳಡ" ಎಂದರು.

ಗೌರಿ ಅಪ್ಪನ ಹೆಗಲ ಮೇಲಿನಿಂದ ಅವರನ್ನು ದಿಟ್ಟಿಸಿತು. "ಆನು ಅಳ್ತಾ ಇಲ್ಲೆ" ಎಂದಿತು. "ನೀನೇ ಅಳ್ತಾ ಇದ್ದೆ."

ಮಿಸ್ಸು ನನ್ನ ಕಡೆ ನೋಡಿದರು. ಇದನ್ನು ನಾನು ಇಂಗ್ಲಿಷಿಗೆ ತಿರುಗಿಸಲಿಲ್ಲ. ಬೇಕಾಗಿಯೂ ಇರಲಿಲ್ಲವೆಂದು ಕಾಣುತ್ತದೆ. ಅವರು ತಲೆಯಾಡಿಸಿ ಮೋಟಾರು ಹತ್ತಿದರು. ಇಮಾಮಸಾಬರು ಹ್ಯಾಂಡಲ್ ತಿರುಗಿಸಿದರು. ಧೂಳೆದ್ದು ಎಲ್ಲರೂ ಮುಖ ತಿರುಗಿಸಿಕೊಂಡೆವು.

ನಾವು ಮೂವರೂ ಪೇಟೆಯ ನಡುವಿನಿಂದ ಮನೆಗೆ ನಡೆದೆವು. ಗೌರಿ ದಾರಿಯುದ್ದಕ್ಕೂ ಮಾತಾಡಿತು. ಗೆಣಸಕ್ಕೋರು ಎಲ್ಲಿಗೆ ಹೋದ, ಯಾವಾಗ ಬತ್ತ, ಮೋಟಾರಿಗೆ ಹುಲ್ಲು ಹಾಕ್ತ್ವಾ, ನಮ್ಮನೆ ತೊಟ್ಲು ಯಾರ ಮನೇಲಿದ್ದು. ಕೋರ್ಟಿನಲ್ಲಿ ನಿಂತು ಸರಕಾರಕ್ಕೆ ಜವಾಬು ಕೊಟ್ಟ ಗಣಪತಿಗೆ ಒಂದಕ್ಕೂ ಉತ್ತರ ಹೇಳಲು ಆಗುತ್ತಿರಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ಅವನು ಮಗಳನ್ನು ಇನ್ನೊಂದು ಹೆಗಲಿಗೆ ಬದಲಿಸಿ, ಖಾಲಿಯಾದ ಕೈಯನ್ನು ನನ್ನ ಹೆಗಲ ಮೇಲೆ ಹಾಕಿ, "ನೀ ಹೇಳು ಮಾರಾಯ. ನೀ ಮಾಸ್ತರಲ್ದಾ" ಎಂದ.